ಸೋರುವ ಕಿವಿಗೆ ಆಪರೇಷನ್‌ಗೆ ಮುಂಚಿನ ಸ್ಕ್ಯಾನ್: ಚೀಟಿ ಬರೆಯುವುದರಿಂದ ಚಿತ್ರ ಓದುವವರೆಗೆ

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಕಾರವಾರ, ಅಂಕೋಲಾದವರು ಗೋವಾದ ಕಡೆ ಮುಖ ಮಾಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲ ಇಲ್ಲವೇ ಮಂಗಳೂರಿನ ಬಸ್ಸು ಹತ್ತುತ್ತಾರೆ. ದಿನಗೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಅಷ್ಟು ದೂರ ಹೋಗಿ ತಂದ ಸ್ಕ್ಯಾನ್ ಎಷ್ಟೋ ಸಲ ಉಪಯೋಗಕ್ಕೆ ಬರುವುದಿಲ್ಲ. ಕಿವಿಯ ಬದಲು ಇಡೀ ತಲೆಯ ದಪ್ಪ ಪದರಗಳ ಚಿತ್ರ ತೆಗೆದಿರುತ್ತಾರೆ, ಇಲ್ಲವೇ ಫಿಲ್ಮ್ ಮಾತ್ರ ಕೊಟ್ಟು ಡಿಸ್ಕ್ ಕೊಟ್ಟಿರುವುದಿಲ್ಲ. ಯಂತ್ರದ ತಪ್ಪು ಇದರಲ್ಲಿ ಕಡಿಮೆ. ಏನು ನೋಡಬೇಕು ಎಂದು ಚೀಟಿಯಲ್ಲಿ ಕೇಳದೆ ಇದ್ದುದೇ ಹೆಚ್ಚಿನ ಸಲ ಕಾರಣ.

ಈ ಬರಹ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಇ.ಎನ್.ಟಿ. ಕಲಿಯುತ್ತಿರುವವರಿಗೆ, ಸ್ಕ್ಯಾನ್ ಕೋಣೆಯ ತಂತ್ರಜ್ಞರಿಗೆ. ಆಪರೇಷನ್‌ಗೆ ಹೊರಟಿರುವವರು ಮತ್ತು ಅವರ ಮನೆಯವರು ಕಿವಿ ಒಣಗಿಸುವ ಭಾಗವನ್ನೂ ಕೊನೆಯ ಭಾಗವನ್ನೂ ಓದಿಕೊಂಡರೆ ಸಾಕು.

ಯಾರಿಗೆ ಬೇಕು, ಯಾರಿಗೆ ಬೇಡ

ಕಿವಿ ಸೋರುವವರಿಗೆಲ್ಲ ಸ್ಕ್ಯಾನ್ ಬೇಕಿಲ್ಲ. ತಮಟೆಯ ನಡುವೆ ತೂತು, ಕಿವಿ ಒಣಗಿದೆ, ಕೇಳಿಸುವುದು ಸ್ವಲ್ಪ ಕಡಿಮೆ, ತಲೆಸುತ್ತು ಇಲ್ಲ ಎಂದಾದರೆ ಸೂಕ್ಷ್ಮದರ್ಶಕದ ಪರೀಕ್ಷೆ ಮತ್ತು ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ನೋಡಿಕೊಂಡು ತಮಟೆ ಕಟ್ಟುವ ಆಪರೇಷನ್‌ಗೆ ಹೋಗಬಹುದು. ಆಡಿಯೋಗ್ರಾಮ್‌ನಲ್ಲಿ ಗಾಳಿಯ ಮೂಲಕ ಮತ್ತು ತಲೆಯ ಎಲುಬಿನ ಮೂಲಕ ಕೇಳಿಸುವುದನ್ನು ತೋರುವ ಗೆರೆಗಳ ನಡುವಿನ ಅಂತರ 40 ಡೆಸಿಬೆಲ್ ಆಸುಪಾಸು ಅಥವಾ ಮೇಲಿದ್ದರೆ ಬರೀ ತೂತಿನಿಂದ ಅಷ್ಟು ಬರುವುದು ಕಷ್ಟ, ಒಳಗಿನ ಎಲುಬುಗಳ ಸರಪಳಿ ಕಡಿದಿರಬಹುದು ಅಥವಾ ಗಟ್ಟಿಯಾಗಿ ಹಿಡಿದುಕೊಂಡಿರಬಹುದು ಎಂದು ಯೋಚಿಸಿ. ಇದನ್ನು ತಿರುಗಿಸಿ ಹೇಳಲಾಗದು: ಕೊಲೆಸ್ಟಿಯಟೋಮಾವೇ (ಮಧ್ಯಕಿವಿಯಲ್ಲಿ ಚರ್ಮದ ಹೊಟ್ಟು ತುಂಬಿ ಬೆಳೆದು ಎಲುಬು ಸವೆಸುವ ಚೀಲ) ಕಡಿದ ಎಲುಬಿನ ಜಾಗದಲ್ಲಿ ಸೇತುವೆಯಂತೆ ನಿಂತು ಶಬ್ದ ದಾಟಿಸುವುದುಂಟು. ಹಾಗಾಗಿ ಅಂತರ ಕಡಿಮೆ ಎಂದ ಮಾತ್ರಕ್ಕೆ ಎಲುಬುಗಳು ಸರಿಯಾಗಿವೆ ಎಂದುಕೊಳ್ಳಬೇಡಿ.

ಸ್ಕ್ಯಾನ್ ಬೇಕೇ ಬೇಕು ಎನ್ನುವ ಸಂದರ್ಭಗಳು ಹೀಗಿವೆ. ತಮಟೆಯ ಮೇಲ್ಭಾಗ ಒಳಕ್ಕೆ ಜಗ್ಗಿ ಬಿಳಿ ಹೊಟ್ಟು ಕಾಣುತ್ತಿದೆ, ಕೊಳೆತ ನಾತದ ಸೋರಿಕೆ ಔಷಧಕ್ಕೆ ಜಗ್ಗುತ್ತಿಲ್ಲ. ಹಿಂದೆ ಒಮ್ಮೆ ಆಪರೇಷನ್ ಆಗಿ ಮತ್ತೆ ಸೋರುತ್ತಿದೆ. ತಲೆಸುತ್ತು ಇದೆ, ಮುಖ ಸೊಟ್ಟಗಾಗಿದೆ, ಕಿವಿಯ ಹಿಂದೆ ಬಾವು ಬಂದಿದೆ. ಕೇಳಿಸುವ ಒಂದೇ ಕಿವಿಯನ್ನು ಕೊಯ್ಯಬೇಕಾಗಿದೆ. ಹುಟ್ಟಿನಿಂದಲೇ ಕಿವಿಯ ರಚನೆ ಬೇರೆಯಾಗಿದೆ. ತಮಟೆ ಸರಿಯಿದ್ದೂ ಕಿವುಡು ಬಂದಿದೆ. ಇನ್ನೊಂದನ್ನು ಎಂದೂ ಮರೆಯಬಾರದು: ತಮಟೆಯ ಹಿಂದೆ ಕೆಂಪು, ಮಿಡಿಯುವ ಗಂಟು ಕಂಡರೆ ಸ್ಕ್ಯಾನ್ ಆಗುವವರೆಗೆ ಅದಕ್ಕೆ ಸೂಜಿ, ಕತ್ತರಿ ತಾಗಿಸಬಾರದು. ಅದು ರಕ್ತನಾಳದ ಗ್ಲೋಮಸ್ ಗಡ್ಡೆ ಆಗಿರಬಹುದು, ದಾರಿ ತಪ್ಪಿ ಒಳಗೆ ಬಂದ, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳವೂ ಆಗಿರಬಹುದು.

ಮೊದಲು ಕಿವಿ ಒಣಗಿಸಿ

ನಮ್ಮ ಕರಾವಳಿಯಲ್ಲಿ ಮಳೆ ಹಿಡಿದರೆ ಕಿವಿಯ ಕಾಲುವೆಯಲ್ಲಿ ಬೂಸ್ಟು ಬೆಳೆಯುವುದು ಸಾಮಾನ್ಯ. ಅಘನಾಶಿನಿಯಲ್ಲಿ ಮುಳುಗಿ ಬಳಚು ಆರಿಸುವವರ ಕಿವಿಗಂತೂ ವರ್ಷವಿಡೀ ನೀರು ತಪ್ಪಿದ್ದಲ್ಲ. ಅದರ ಮೇಲೆ ನೋವೆಂದರೆ ಬೆಚ್ಚನೆ ತೆಂಗಿನೆಣ್ಣೆ ಬಿಡುವ ರೂಢಿ. ಗುಗ್ಗೆ, ಎಣ್ಣೆಯ ಮಡ್ಡಿ, ಬೂಸ್ಟು, ಕೀವು ತುಂಬಿದ ಕಿವಿಯನ್ನು ಸಿ.ಟಿ.ಗೆ ಕಳಿಸಿದರೆ ಎಲ್ಲವೂ ಒಂದೇ ಬೂದು ಬಣ್ಣದಲ್ಲಿ ಬರುತ್ತದೆ.

ತುರ್ತು ಇಲ್ಲದಿದ್ದರೆ ಎರಡು-ಮೂರು ವಾರ ಚಿಕಿತ್ಸೆ ಕೊಟ್ಟು, ಸೂಕ್ಷ್ಮದರ್ಶಕದಡಿ ಸಕ್ಷನ್ ಹಿಡಿದು ಕಾಲುವೆ ಸ್ವಚ್ಛ ಮಾಡಿ, ಆಮೇಲೆ ಚಿತ್ರ ತೆಗೆಸಿ. ಉರಿಯೂತದ ಊತ ಇಳಿದರೆ ಉಳಿದದ್ದು ಎದ್ದು ಕಾಣುತ್ತದೆ. ಎಂಆರ್‌ಐ ಕೂಡ ಮಾಡಿಸುವುದಿದ್ದರೆ ಇಲ್ಲೊಂದು ಎಚ್ಚರ ಬೇಕು. ಕಾಲುವೆಯ ಗುಗ್ಗೆ ತೆಗೆಯಿರಿ, ಆದರೆ ಮೇಲಿನ ಚೀಲದೊಳಗಿನ ಬಿಳಿ ಹೊಟ್ಟನ್ನು ಕೆದಕಿ ಖಾಲಿ ಮಾಡಬೇಡಿ. ಎಂಆರ್‌ಐ ಗುರುತಿಸುವುದು ಆ ಹೊಟ್ಟನ್ನೇ. ಅದು ಹೋದರೆ ರೋಗ ಇದ್ದೂ ಚಿತ್ರದಲ್ಲಿ ಕಾಣದೆ ಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಸ್ನಾನಕ್ಕೆ ಮೊದಲು ವ್ಯಾಸ್ಲೀನ್ ಸವರಿದ ಹತ್ತಿಯನ್ನು ಕಿವಿಗಿಟ್ಟು, ಸ್ನಾನ ಆದ ಕೂಡಲೇ ತೆಗೆಯಬೇಕು. ಎಣ್ಣೆ ಬೇಡ, ಕಡ್ಡಿ ಬೇಡ, ಹೊಳೆಗೂ ಸಮುದ್ರಕ್ಕೂ ಇಳಿಯುವುದು ಬೇಡ. ಟ್ರಾಲ್ ಬೋಟಿನಲ್ಲಿ ದುಡಿಯುವವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯಲ್ಲಿ ಆಪರೇಷನ್ ಇಟ್ಟುಕೊಳ್ಳಲು ಬಯಸುತ್ತಾರೆ. ಅಂಥವರ ಕಿವಿ ಒಣಗಿಸುವುದನ್ನು ಏಪ್ರಿಲ್‌ನಲ್ಲಿ ಶುರುಮಾಡಿ, ಮೇ ತಿಂಗಳಲ್ಲಿ ಸ್ಕ್ಯಾನ್ ಮುಗಿಸುವುದು ಒಳ್ಳೆಯದು. ಮಳೆಗಾಲದ ರಸ್ತೆಯನ್ನು ನಂಬುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ.

ಚೀಟಿ ಬರೆಯುವುದು

“ಸಿ.ಟಿ. ಬ್ರೈನ್” ಎಂದು ಬರೆದರೆ ಅದೇ ಬರುತ್ತದೆ, ಅದರಲ್ಲಿ ಶಬ್ದ ದಾಟಿಸುವ ಸರಪಳಿಯ ಕೊನೆಯ ಪುಟ್ಟ ಎಲುಬಾದ ಸ್ಟೇಪಿಸ್ ಕಾಣುವುದಿಲ್ಲ. “ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್, ಎರಡೂ ಕಿವಿ, ಕಾಂಟ್ರಾಸ್ಟ್ ಇಲ್ಲದೆ” ಎಂದು ಬರೆಯಬೇಕು. ಅಂದರೆ ಕಿವಿಯ ಸುತ್ತಲಿನ ಎಲುಬಿನ ತೆಳು ಪದರಗಳ ಸಿ.ಟಿ., ರಕ್ತನಾಳಕ್ಕೆ ಬಣ್ಣದ ಔಷಧ ಕೊಡದೆ. ಅದರ ಕೆಳಗೆ ನಾಲ್ಕು ಸಾಲು ಇರಲಿ. ಹೀಗೆ:

“ಬಲ ಕಿವಿ. ಎಂಟು ವರ್ಷದಿಂದ ನಾತದ ಸೋರಿಕೆ. ಮೇಲ್ತಮಟೆಯಲ್ಲಿ ಚೀಲ, ಬಿಳಿ ಹೊಟ್ಟು. ಗಾಳಿ-ಎಲುಬು ಅಂತರ 45 ಡೆಸಿಬೆಲ್. ಕಿವಿ ಒತ್ತಿದರೆ ತಲೆ ಸುತ್ತುತ್ತದೆ. ಹಿಂದೆ ಆಪರೇಷನ್ ಆಗಿಲ್ಲ. ಪ್ರಶ್ನೆ: ಅಡ್ಡ ಅರ್ಧವೃತ್ತ ಕಾಲುವೆಯಲ್ಲಿ ತೂತಿದೆಯೆ? ಮುಖದ ನರದ ಮೇಲಿನ ಎಲುಬು ಉಳಿದಿದೆಯೆ? ಮಿದುಳಿನ ಕೆಳಗಿನ ಚಾವಣಿ ಗಟ್ಟಿ ಇದೆಯೆ?”

ಅಡ್ಡ ಅರ್ಧವೃತ್ತ ಕಾಲುವೆ ಎಂದರೆ ಒಳಕಿವಿಯಲ್ಲಿ ದೇಹದ ಸಮತೋಲ ನೋಡಿಕೊಳ್ಳುವ ಮೂರು ಕಾಲುವೆಗಳಲ್ಲಿ ಒಂದು. ಚೀಟಿ ಹೀಗಿದ್ದರೆ ರೇಡಿಯಾಲಜಿಸ್ಟ್ ಆ ಮೂರು ಜಾಗಗಳನ್ನು ಹುಡುಕಿಯೇ ನೋಡುತ್ತಾರೆ. “ಕಿವಿ ಸೋರಿಕೆ, ದಯವಿಟ್ಟು ನೋಡಿ” ಎಂದು ಬರೆದರೆ “ಮಧ್ಯಕಿವಿಯಲ್ಲಿ ಮೃದು ಅಂಗಾಂಶ ತುಂಬಿದೆ” ಎಂಬ ಒಂದು ಸಾಲು ತಿರುಗಿ ಬರುತ್ತದೆ. ಅಷ್ಟು ನಮಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಆಪರೇಷನ್ ಆಗಿದ್ದರೆ ಯಾವ ವರ್ಷ, ಕಿವಿಯ ಕಾಲುವೆಯ ಹಿಂಗೋಡೆ ತೆಗೆದಿದ್ದಾರೋ ಉಳಿಸಿದ್ದಾರೋ, ಒಳಗೆ ಪಿಸ್ಟನ್ (ಸ್ಟೇಪಿಸ್ ಬದಲಿಗೆ ಇಡುವ ಪುಟ್ಟ ಕಡ್ಡಿ) ಅಥವಾ ಕೃತಕ ಎಲುಬು ಇಟ್ಟಿದ್ದಾರೋ ಎಂಬುದನ್ನೂ ಸೇರಿಸಿ.

ಸಿ.ಟಿ. ತೆಗೆಯುವ ಕೋಣೆಯಲ್ಲಿ

ಓಲೆ, ಮೂಗುತಿ, ಹೇರ್‌ಪಿನ್, ಕಿವಿಯ ಯಂತ್ರ ಎಲ್ಲ ತೆಗೆಸಿ. ಗದ್ದವನ್ನು ತುಸು ಎದೆಯ ಕಡೆ ಬಾಗಿಸಿದರೆ ಕಣ್ಣಿನ ಮಸೂರ ಕಿರಣದ ದಾರಿಯಿಂದ ಹೊರಗೆ ಉಳಿಯುತ್ತದೆ, ಚಿತ್ರದ ಸಮತಲವೂ ಅಡ್ಡ ಅರ್ಧವೃತ್ತ ಕಾಲುವೆಗೆ ಹತ್ತಿರವಾಗುತ್ತದೆ. ಒಳಕಿವಿ ಇರುವ ಪೆಟ್ರಸ್ ಎಲುಬಿನ ಮೇಲಂಚಿನಿಂದ ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಎಲುಬಿನ ತುದಿಯವರೆಗೆ ಸಾಕು, ಇಡೀ ತಲೆ ಬೇಡ. ಪದರದ ದಪ್ಪ 0.5ರಿಂದ 0.625 ಮಿ.ಮೀ., ಒಂದರ ಮೇಲೊಂದು ತುಸು ಹಾಯುವಂತೆ ಮರುರಚನೆ ಆಗಬೇಕು, ಎಲುಬಿನ ಅಲ್ಗಾರಿದಂ ಬಳಸಬೇಕು. ಒಂದೊಂದು ಕಿವಿಯನ್ನು 9–10 ಸೆಂ.ಮೀ. ಕ್ಷೇತ್ರಕ್ಕೆ ಹಿಗ್ಗಿಸಿ ಬೇರೆ ಬೇರೆಯಾಗಿ ಮರುರಚಿಸಿ. ನೋಡುವಾಗ ವಿಂಡೋ (ಪರದೆಯ ಬೂದು ಛಾಯೆಗಳ ಹರವು) ಅಗಲ 4000, ಮಟ್ಟ 600ರ ಆಸುಪಾಸು ಇಟ್ಟುಕೊಳ್ಳಿ. ಮಿದುಳಿನ ವಿಂಡೋದಲ್ಲಿಯೇ ನೋಡಿ “ಎಲುಬು ಸವೆದಿದೆ” ಎಂದು ಬರೆದ ವರದಿಗೆ ಬೆಲೆಯಿಲ್ಲ.

ಒಂದೇ ಸಲ ತೆಗೆದ ಮಾಹಿತಿಯಿಂದ ಅಕ್ಷೀಯ (ಅಡ್ಡಡ್ಡ) ಮತ್ತು ಕೊರೊನಲ್ (ಮುಖಕ್ಕೆ ಸಮಾಂತರವಾಗಿ ನೆಟ್ಟಗೆ) ಎರಡೂ ಸಮತಲ ಸಿಗುತ್ತವೆ, ಎರಡನೇ ಸಲ ಕಿರಣ ಹಾಯಿಸಬೇಕಿಲ್ಲ. ಎಡ-ಬಲದ ಕೋನ ಸರಿಮಾಡಿ, ಎರಡೂ ಕಿವಿಯ ಒಂದೇ ಮಟ್ಟ ಅಕ್ಕಪಕ್ಕ ಬರುವಂತೆ ಮಾಡಿಕೊಡಿ. ಒಳ್ಳೆಯ ಕಿವಿಯ ಜೊತೆ ಹೋಲಿಸಿ ನೋಡುವುದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಚಿಕ್ಕ ಮಕ್ಕಳಿಗೆ ಕಿರಣದ ಪ್ರಮಾಣ ಇಳಿಸಲೇಬೇಕು. ಸಿ.ಟಿ. ಕೆಲವೇ ಸೆಕೆಂಡಿನ ಕೆಲಸ, ಹಾಲು ಕುಡಿಸಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಕೂಸಿಗೆ ಮಂಪರು ಔಷಧ ಬೇಕಾಗದೆ ಇರಬಹುದು. ಹೆಂಗಸರಿಗೆ ಗರ್ಭ ಇರುವ ಸಾಧ್ಯತೆ ಇದೆಯೇ ಎಂದು ತಪ್ಪದೆ ಕೇಳಿ.

ಫಿಲ್ಮ್‌ನ ಜೊತೆ ಡೈಕಾಮ್ ಕಡತಗಳು (ಸ್ಕ್ಯಾನಿನ ಮೂಲ ಚಿತ್ರಗಳು) ಇರುವ ಡಿಸ್ಕ್ ಅಥವಾ ಪೆನ್‌ಡ್ರೈವ್ ಕೊಡಿ, ತೆಳು ಪದರಗಳೆಲ್ಲ ಅದರಲ್ಲಿರಲಿ. ಒಂದು ಫಿಲ್ಮ್‌ನಲ್ಲಿ ಇಪ್ಪತ್ತು ಚೌಕಗಳನ್ನು ತುರುಕಿ, ಅದರ ಫೋಟೋ ಹೊಡೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮುಖದ ನರದ ಮೇಲಿನ ತೆಳ್ಳನೆ ಎಲುಬನ್ನು ನೋಡಲು ಯಾರಿಂದಲೂ ಆಗುವುದಿಲ್ಲ.

ಚಿತ್ರ ಓದುವ ಕ್ರಮ: ಶಸ್ತ್ರ ಹೋಗುವ ದಾರಿಯಲ್ಲೇ ಕಣ್ಣೂ ಹೋಗಲಿ

ಕಣ್ಣಿಗೆ ಹೊಡೆದು ಕಾಣುವ ಬೂದು ಮುದ್ದೆಯಿಂದ ಶುರುಮಾಡಿದರೆ ಅಲ್ಲೇ ನಿಂತುಬಿಡುತ್ತೇವೆ. ಹೊರಗಿನಿಂದ ಒಳಕ್ಕೆ, ಪ್ರತಿ ಸಲವೂ ಒಂದೇ ಕ್ರಮದಲ್ಲಿ ಹೋಗಬೇಕು.

ಕಾಲುವೆಯಲ್ಲಿ ಗುಗ್ಗೆ ಉಳಿದಿದೆಯೇ ನೋಡಿ. ಆಮೇಲೆ ಕೊರೊನಲ್ ಚಿತ್ರದಲ್ಲಿ ಸ್ಕ್ಯೂಟಮ್ ಹುಡುಕಿ, ಕಾಲುವೆಯ ಚಾವಣಿಯ ಒಳತುದಿಯಲ್ಲಿ ಮೊನಚಾಗಿ ಇಳಿದಿರುವ ಎಲುಬು ಅದು. ಮೊನಚು ಸವೆದು ಮೊಂಡಾಗಿ, ಪಕ್ಕದ ಪ್ರುಸಾಕ್ ಜಾಗದಲ್ಲಿ (ಮೇಲ್ತಮಟೆಗೂ ಮ್ಯಾಲಿಯಸ್ ಎಲುಬಿನ ಕತ್ತಿಗೂ ನಡುವಿನ ಸಂದು) ಮೃದು ಮುದ್ದೆ ಇದ್ದರೆ ಮೇಲ್ತಮಟೆಯಿಂದ ಹುಟ್ಟಿದ ಕೊಲೆಸ್ಟಿಯಟೋಮಾದ ಸಂಶಯ ಬಲವಾಗುತ್ತದೆ. ಈ ಬಗೆ ಎಲುಬುಗಳನ್ನು ಒಳಕ್ಕೆ ತಳ್ಳುತ್ತದೆ. ತಮಟೆಯ ಕೆಳಭಾಗದಿಂದ ಹುಟ್ಟಿದ್ದು ಎಲುಬುಗಳ ಒಳಬದಿಯಲ್ಲಿ ಹರಡಿ ಅವನ್ನು ಹೊರಕ್ಕೆ ತಳ್ಳುತ್ತದೆ. ಎಲುಬು ಯಾವ ಕಡೆ ಸರಿದಿದೆ ಎಂಬುದರಿಂದಲೇ ಚೀಲ ಎಲ್ಲಿಂದ ಬಂತು ಎಂದು ಊಹಿಸಬಹುದು.

ಇನ್ನು ಶಬ್ದ ದಾಟಿಸುವ ಮೂರು ಎಲುಬುಗಳು: ಮ್ಯಾಲಿಯಸ್, ಇಂಕಸ್, ಸ್ಟೇಪಿಸ್. ಅಕ್ಷೀಯ ಚಿತ್ರದ ಮೇಲಿನ ಮಟ್ಟದಲ್ಲಿ ಮ್ಯಾಲಿಯಸ್ ತಲೆ ಮತ್ತು ಇಂಕಸ್ ದೇಹ ಸೇರಿ ಕೋನ್ ಐಸ್‌ಕ್ರೀಮಿನಂತೆ ಕಾಣಬೇಕು. ಐಸ್‌ಕ್ರೀಮು ಕೋನಿನಿಂದ ಜಾರಿದ್ದರೆ ಕೀಲು ಕಳಚಿದೆ. ಎಲ್ಲಕ್ಕಿಂತ ಮೊದಲು ಸವೆಯುವುದು ಇಂಕಸ್‌ನ ಉದ್ದ ಕಾಲು, ಅದಕ್ಕೆ ರಕ್ತದ ಪೂರೈಕೆ ತೆಳುವು. ಸ್ಟೇಪಿಸ್‌ನ ಕಮಾನು ತೀರ ಸೂಕ್ಷ್ಮ. ಸುತ್ತ ಮುದ್ದೆ ತುಂಬಿದ್ದಾಗ ಅದು ಕಾಣಲಿಲ್ಲ ಎಂದರೆ ಇಲ್ಲವೇ ಇಲ್ಲ ಎಂದು ಅರ್ಥವಲ್ಲ, “ಸ್ಪಷ್ಟವಾಗಿ ಕಾಣಲಿಲ್ಲ” ಎಂದಷ್ಟೇ ಬರೆಯುವುದು ಪ್ರಾಮಾಣಿಕತೆ.

ಆಮೇಲೆ ಮ್ಯಾಸ್ಟಾಯ್ಡ್ ಮತ್ತು ಅದನ್ನು ಮಧ್ಯಕಿವಿಗೆ ಸೇರಿಸುವ ಪೊಳ್ಳಾದ ಆಂಟ್ರಮ್. ಆರೋಗ್ಯವಂತ ಮ್ಯಾಸ್ಟಾಯ್ಡ್ ಜೇನುಹಟ್ಟಿಯಂತೆ ಇರುತ್ತದೆ. ಕೋಶಗಳಲ್ಲಿ ದ್ರವ ತುಂಬಿದ್ದರೂ ನಡುವಣ ಗೋಡೆಗಳು ಉಳಿದಿದ್ದರೆ ಅದು ಒಂದು ಕಥೆ, ಗೋಡೆಗಳೇ ಕರಗಿ ಒಂದು ದೊಡ್ಡ ಗುಂಡಿಯಾಗಿದ್ದರೆ ಇನ್ನೊಂದು. ಬಾಲ್ಯದಿಂದ ಸೋರುವ ಕಿವಿಯಲ್ಲಿ ಹಟ್ಟಿಯೇ ಇಲ್ಲದೆ ಎಲುಬು ದಂತದಂತೆ ಗಟ್ಟಿಯಾಗಿರುತ್ತದೆ. ಅಂಥ ಕಿವಿಯಲ್ಲಿ ಮೇಲೆ ಮಿದುಳಿನ ಪೊರೆ ಕೆಳಗಿಳಿದು, ಹಿಂದಿನಿಂದ ಸಿಗ್ಮಾಯ್ಡ್ ಸೈನಸ್ ಎಂಬ ದೊಡ್ಡ ರಕ್ತನಾಳ ಮುಂದೆ ಬಂದು, ಡ್ರಿಲ್ಲಿಗೆ ಜಾಗ ಇಕ್ಕಟ್ಟಾಗಿರಬಹುದು. ಇದು ಮೊದಲೇ ಗೊತ್ತಾದರೆ ಹೊರಗಿನಿಂದ ಕೊರೆಯುತ್ತ ಹೋಗುವ ಬದಲು ಮಧ್ಯಕಿವಿಯ ಮೇಲಿನ ಕೋಣೆಯಾದ ಆಟಿಕ್‌ನಿಂದ ಹಿಂದಕ್ಕೆ ಕೊರೆಯುವ ದಾರಿ ಹಿಡಿಯಬಹುದು.

ಟೆಗ್ಮೆನ್ ಎಂಬ ಚಾವಣಿಯನ್ನು ಕೊರೊನಲ್‌ನಲ್ಲೇ ನೋಡಬೇಕು. ಅಕ್ಷೀಯ ಪದರಗಳು ಅದಕ್ಕೆ ಸಮಾಂತರವಾಗಿ ಹಾಯುವುದರಿಂದ ಇಲ್ಲದ ತೂತು ಕಾಣುತ್ತದೆ, ಇರುವ ತೂತು ಮುಚ್ಚಿಹೋಗುತ್ತದೆ. ತೂತು ದೊಡ್ಡದಿದ್ದು ಅದರ ಕೆಳಗೆ ದುಂಡನೆ ಮುದ್ದೆ ಇದ್ದರೆ ಮಿದುಳೇ ಕೆಳಗೆ ಜಾರಿರಬಹುದು. ಎಂಆರ್‌ಐ ಇಲ್ಲದೆ ಮುಂದೆ ಹೋಗಬೇಡಿ.

ಮುಖದ ನರಕ್ಕೆ ಸಮಯ ಕೊಡಿ. ಕೊರೊನಲ್‌ನಲ್ಲಿ ಒಳಕಿವಿಯ ಬಸವನಹುಳುವಿನಂಥ ಕಾಕ್ಲಿಯಾದ ಮೇಲೆ ಹಾವಿನ ಕಣ್ಣಿನಂತೆ ಎರಡು ಚುಕ್ಕೆಗಳು ಕಾಣುವಲ್ಲಿಂದ ಶುರುಮಾಡಿ. ಅಲ್ಲಿಂದ ಹಿಂದಕ್ಕೆ ಬಂದರೆ ನರ ಅಡ್ಡ ಅರ್ಧವೃತ್ತ ಕಾಲುವೆಯ ಕೆಳಗೆ, ಸ್ಟೇಪಿಸ್ ಕೂರುವ ಓವಲ್ ಕಿಟಕಿಯ ಮೇಲೆ ಒಂದು ಚುಕ್ಕೆಯಾಗಿ ಸಿಗುತ್ತದೆ, ಆಮೇಲೆ ಎರಡನೇ ತಿರುವು ಪಡೆದು ಮ್ಯಾಸ್ಟಾಯ್ಡ್‌ನಲ್ಲಿ ಕೆಳಗಿಳಿಯುತ್ತದೆ. ಓವಲ್ ಕಿಟಕಿಯ ಮೇಲಿನ ತುಣುಕಿನಲ್ಲಿ ಎಲುಬಿನ ಹೊದಿಕೆ ಹುಟ್ಟಿನಿಂದಲೇ ಇಲ್ಲದಿರುವುದು ಅಪರೂಪವಲ್ಲ. ಪಕ್ಕದಲ್ಲಿ ಮುದ್ದೆ ತುಂಬಿದ್ದರೆ ತೆಳು ಎಲುಬು ಇದ್ದೂ ಸಿ.ಟಿ.ಯಲ್ಲಿ ಇಲ್ಲದಂತೆ ಕಾಣುತ್ತದೆ. ಹಾಗಾಗಿ ಸಂಶಯ ಬಂದರೆ ನರ ಬತ್ತಲಾಗಿದೆ ಎಂದೇ ಭಾವಿಸಿ ಶಸ್ತ್ರ ಹಿಡಿಯುವುದು ಕ್ಷೇಮ.

ಅಡ್ಡ ಅರ್ಧವೃತ್ತ ಕಾಲುವೆಯ ಹೊರ ಉಬ್ಬಿನ ಎಲುಬನ್ನು ಎರಡೂ ಸಮತಲದಲ್ಲಿ ನೋಡಿ. ಒಂದರಲ್ಲಿ ಮಾತ್ರ ಬಿರುಕು ಕಂಡರೆ ಅದು ಪದರದ ದಪ್ಪದ ಮೋಸ ಇರಬಹುದು, ಎರಡರಲ್ಲೂ ಕಂಡರೆ ಫಿಸ್ಟುಲಾ (ಕಾಲುವೆಯ ಎಲುಬು ತೂತಾಗಿರುವುದು) ಎಂದೇ ತಯಾರಾಗಬೇಕು. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಡಕೆ ಮರ ಹತ್ತಿ ಕೊನೆ ಕೊಯ್ಯುವವರು, ಕೊಟ್ಟೆ ಕಟ್ಟುವವರು ಸೋರುವ ಕಿವಿಯ ಜೊತೆ ತಲೆಸುತ್ತು ಹೇಳಿದರೆ ಆ ದಿನದಿಂದಲೇ ಮರ ಹತ್ತುವುದನ್ನು ನಿಲ್ಲಿಸಿ. ಸ್ಕ್ಯಾನ್ ವರದಿಗೆ ಕಾಯಬೇಡಿ.

ಆಮೇಲೆ ಮಧ್ಯಕಿವಿಯ ಹಿಂಗೋಡೆಯ ಸಂದಾದ ಸೈನಸ್ ಟಿಂಪನೈ. ಈ ಸಂದು ಮುಖದ ನರದ ಹಿಂದಕ್ಕೆ ಆಳವಾಗಿ ಹೋಗಿದ್ದರೆ ಸೂಕ್ಷ್ಮದರ್ಶಕದ ನೇರ ನೋಟಕ್ಕೆ ಸಿಗುವುದಿಲ್ಲ, ಕೋನದ ಎಂಡೋಸ್ಕೋಪ್ ಮೇಜಿನ ಮೇಲಿರಬೇಕು. ರೋಗ ಮರುಕಳಿಸುವುದು ಹೆಚ್ಚಾಗಿ ಇಲ್ಲಿ ಉಳಿದ ಚೂರಿನಿಂದ. ಕತ್ತಿನ ದೊಡ್ಡ ಅಭಿಧಮನಿಯ ಮೇಲ್ತುದಿಯಾದ ಜುಗುಲರ್ ಬಲ್ಬ್ ಮೇಲಕ್ಕೆ ಬಂದಿದೆಯೇ, ಅದರ ಮೇಲಿನ ಎಲುಬು ಇದೆಯೇ, ಕೆರೋಟಿಡ್ ತನ್ನ ಜಾಗದಲ್ಲಿದೆಯೇ ನೋಡಿ. ತಮಟೆ ಸರಿಯಿದ್ದೂ ಕಿವುಡು ಇದ್ದವರಲ್ಲಿ ಓವಲ್ ಕಿಟಕಿಯ ಮುಂದಂಚಿನಲ್ಲಿ ಎಲುಬು ಮಾಸಿದ ಚುಕ್ಕೆ ಹುಡುಕಿ, ಅದು ಸ್ಟೇಪಿಸ್ ಬಿಗಿದುಕೊಳ್ಳುವ ಓಟೋಸ್ಕ್ಲೆರೋಸಿಸ್‌ನ ಗುರುತು. ಕೊನೆಗೆ ಮೂಗಿನ ಹಿಂಭಾಗ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ನಿಂತಿದ್ದರೆ ಅಲ್ಲಿ ಗಡ್ಡೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಚಿತ್ರವನ್ನು ಕೆಳಗಿಡಬೇಡಿ.

ಸಿ.ಟಿ. ಹೇಳದ ಮಾತು, ಎಂಆರ್‌ಐ ಹೇಳುವ ಮಾತು

ಮಧ್ಯಕಿವಿ ಪೂರ್ತಿ ಗಾಳಿಯಿಂದ ತುಂಬಿದ್ದರೆ ಕೊಲೆಸ್ಟಿಯಟೋಮಾ ಇಲ್ಲ ಎಂದು ಸಿ.ಟಿ. ನೋಡಿ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಮುದ್ದೆ ತುಂಬಿದ್ದು ಎಲುಬು ಸವೆಯದೆ ಇದ್ದಾಗ ಅದು ಕೀವೋ, ಉರಿಯೂತದ ಅಂಗಾಂಶವೋ, ಕೊಲೆಸ್ಟಿಯಟೋಮಾವೋ ಎಂದು ಸಿ.ಟಿ. ಹೇಳಲಾರದು. ಆಪರೇಷನ್ ಆದ ಕಿವಿಯಲ್ಲಂತೂ ಇನ್ನೂ ಕಷ್ಟ. ಆಗ ಅಂಗಾಂಶದಲ್ಲಿ ನೀರಿನ ಚಲನೆ ನೋಡುವ ಡಿಫ್ಯೂಷನ್ ಎಂಆರ್‌ಐ ಬೇಕು, ಅದೂ ನಾನ್-ಇಪಿಐ ಬಗೆಯದು. ಕೆಲವು ಯಂತ್ರಗಳಲ್ಲಿ ಅದಕ್ಕೆ ಹೇಸ್ಟ್ ಎಂದೂ ಕೆಲವದರಲ್ಲಿ ಪ್ರೊಪೆಲರ್ ಎಂದೂ ಹೆಸರು. ಮಿದುಳಿಗೆ ಬಳಸುವ ಮಾಮೂಲಿ (ಇಪಿಐ) ಡಿಫ್ಯೂಷನ್‌ನಲ್ಲಿ ಗಾಳಿ ಮತ್ತು ಎಲುಬು ಸೇರುವ ಕಡೆ ಚಿತ್ರ ತಿರುಚಿಕೊಳ್ಳುತ್ತದೆ, ಸಣ್ಣ ಚೂರು ಕಳೆದುಹೋಗುತ್ತದೆ. ನಾನ್-ಇಪಿಐನಲ್ಲಿ 2–3 ಮಿ.ಮೀ.ನಷ್ಟು ಚೂರೂ ಸಿಗಬಹುದು. ಊರು ಬಿಡುವ ಮೊದಲೇ ಸ್ಕ್ಯಾನ್ ಕೇಂದ್ರಕ್ಕೆ ಫೋನ್ ಮಾಡಿ ಈ ಸೀಕ್ವೆನ್ಸ್ (ಚಿತ್ರ ತೆಗೆಯುವ ವಿಧಾನ) ಇದೆಯೇ ಎಂದು ಕೇಳಿ. “ಎಂಆರ್‌ಐ ಇದೆ” ಎಂಬ ಉತ್ತರ ಸಾಲದು. 3 ಟೆಸ್ಲಾ ಯಂತ್ರವೇ ಬೇಕೆಂದಿಲ್ಲ, ಈ ಕೆಲಸಕ್ಕೆ 1.5 ಟೆಸ್ಲಾ ಚೆನ್ನಾಗಿಯೇ ಸಾಕು.

ಕೊರೊನಲ್ ಸಮತಲ, 2–3 ಮಿ.ಮೀ. ಪದರ, ಬಿ ಮೌಲ್ಯ (ಡಿಫ್ಯೂಷನ್ ತೀವ್ರತೆಯ ಅಳತೆ) 0 ಮತ್ತು 1000 ಇರಲಿ, ಜೊತೆಗೆ ಎಡಿಸಿ ನಕ್ಷೆ (ನೀರು ಎಷ್ಟು ಸರಾಗವಾಗಿ ಚಲಿಸುತ್ತದೆ ಎಂದು ತೋರುವ ಚಿತ್ರ), ಮಾಮೂಲಿ ಟಿ-1, ಟಿ-2. ಬಿ 1000ರಲ್ಲಿ ಬೆಳ್ಳಗೆ ಹೊಳೆದು ಎಡಿಸಿಯಲ್ಲಿ ಕಪ್ಪಾಗಿದ್ದರೆ ಕೊಲೆಸ್ಟಿಯಟೋಮಾ. ಟಿ-1ರಲ್ಲೇ ಬೆಳ್ಳಗಿದ್ದರೆ ಕೊಲೆಸ್ಟರಾಲ್ ಗ್ರ್ಯಾನ್ಯುಲೋಮಾ ಇರಬಹುದು, ಹೆಸರು ಹತ್ತಿರ ಹತ್ತಿರ ಕೇಳಿಸಿದರೂ ರೋಗ ಬೇರೆ. ಕಾಲುವೆಯಲ್ಲಿ ಉಳಿದ ಗುಗ್ಗೆಯೂ ಕೀವಿನ ಕುರುವೂ ಬೆಳ್ಳಗೆ ಹೊಳೆದು ಮೋಸ ಮಾಡುತ್ತವೆ. ಹೊಳೆಯುವ ಚುಕ್ಕೆ ನಿಜಕ್ಕೂ ಎಲ್ಲಿದೆ ಎಂದು ಸಿ.ಟಿ.ಯ ಜೊತೆ ಇಟ್ಟು ನೋಡಿದರೆ ಗುಗ್ಗೆಯ ಮೋಸ ಬಯಲಾಗುತ್ತದೆ. ಕೊಲೆಸ್ಟಿಯಟೋಮಾಕ್ಕಷ್ಟೇ ಆದರೆ ಗ್ಯಾಡೊಲಿನಿಯಂ (ಎಂಆರ್‌ಐ ಕಾಂಟ್ರಾಸ್ಟ್) ಸೂಜಿ ಸಾಮಾನ್ಯವಾಗಿ ಬೇಕಿಲ್ಲ, ತೊಡಕು ಇದ್ದರೆ ಬೇಕು.

ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು ಮೊದಲೇ ಹೇಳಬೇಕು. ಸ್ಟೇಪಿಸ್ ಪಿಸ್ಟನ್‌ಗಳು ಬಹುಪಾಲು ಸುರಕ್ಷಿತ. ಆದರೆ 1987ರ ಸುಮಾರಿನ ಮೆಕ್‌ಗೀ ಪಿಸ್ಟನ್‌ಗಳ ಕೆಲವು ತಯಾರಿಕಾ ಗುಂಪುಗಳು ಅಯಸ್ಕಾಂತಕ್ಕೆ ಎಳೆಯಲ್ಪಡುವ ಉಕ್ಕಿನಿಂದ ಆಗಿದ್ದವು. ಆ ಕಾಲದ ಆಪರೇಷನ್ ಆಗಿದ್ದರೆ ಹಳೆಯ ಕಾಗದ ಹುಡುಕಿ ತನ್ನಿ.

ಕಾಯಬಾರದ ಹೊತ್ತು

ಸೋರುವ ಕಿವಿಯ ಜೊತೆ ಜ್ವರ, ಬಿಡದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಮಂಪರು, ಮುಖ ಸೊಟ್ಟಗಾಗುವುದು, ಕಿವಿಯ ಹಿಂದೆ ಬಾವು. ಇವುಗಳಲ್ಲಿ ಯಾವುದು ಕಂಡರೂ ಕಿವಿ ಒಣಗಿಸುವ ಮಾತಿಲ್ಲ. ಹತ್ತಿರದ ಆಸ್ಪತ್ರೆಯಲ್ಲೇ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುಮಾಡಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ಆಂಬುಲೆನ್ಸ್‌ನಲ್ಲಿ ಕಳಿಸಿ. ಇಲ್ಲಿ ಮಾತ್ರ ಚೀಟಿ ಬೇರೆ: ಟೆಂಪೊರಲ್ ಬೋನ್ ಜೊತೆ ಕಾಂಟ್ರಾಸ್ಟ್ ಕೊಟ್ಟು ಮಿದುಳು, ಸಿಗ್ಮಾಯ್ಡ್ ಸೈನಸ್ ನೋಡಲು ವೀನೋಗ್ರಾಮ್ (ಅಭಿಧಮನಿಗಳ ಚಿತ್ರ). ಕಿಡ್ನಿಯ ಪರೀಕ್ಷೆಗೆ ರಕ್ತ ತೆಗೆದು ಕೂಡಲೇ ಕಳಿಸಿ, ಆದರೆ ಆಂಟಿಬಯೋಟಿಕ್ ಅನ್ನು ಅದಕ್ಕಾಗಿ ತಡೆಹಿಡಿಯಬೇಡಿ.

ಆಪರೇಷನ್ ಕೋಣೆಗೆ, ಆಮೇಲೆ ಮನೆಗೆ

ಕೊಯ್ಯುವವರು ಚಿತ್ರವನ್ನು ತಾವೇ ಡಿಸ್ಕ್‌ನಲ್ಲಿ ನೋಡಬೇಕು, ವರದಿ ಓದಿದರೆ ಆಗಲಿಲ್ಲ. ಬೆಳಿಗ್ಗೆ ಎಡ-ಬಲ ಇನ್ನೊಮ್ಮೆ ತಾಳೆ ನೋಡಿ, ಪರದೆಯ ಮೇಲೆ ನಾಲ್ಕು ಚಿತ್ರ ತೆರೆದಿಡಿ: ಸ್ಕ್ಯೂಟಮ್ ಇರುವ ಕೊರೊನಲ್, ಟೆಗ್ಮೆನ್, ಅಡ್ಡ ಅರ್ಧವೃತ್ತ ಕಾಲುವೆ, ನರದ ಎರಡನೇ ತಿರುವು. ಫಿಸ್ಟುಲಾ ಸಂಶಯ ಇದ್ದರೆ ಅದರ ಮೇಲಿನ ಪೊರೆಯನ್ನು ಕೊನೆಗೆ ಮುಟ್ಟಿ, ಮುಚ್ಚಲು ಫೇಷಿಯಾ (ಸ್ನಾಯುವಿನ ಮೇಲಿನ ತೆಳು ಪೊರೆ) ಕೈಯಲ್ಲಿ ಸಿದ್ಧ ಇರುವಾಗ.

ಹಿಂಗೋಡೆ ಉಳಿಸಬೇಕೋ ತೆಗೆಯಬೇಕೋ ಎಂಬುದನ್ನು ಚಿತ್ರವೊಂದೇ ನಿರ್ಧರಿಸುವುದಿಲ್ಲ. ಗೋಡೆ ಉಳಿಸಿದರೆ ಒಳಗೆ ಉಳಿದ ಚೂರು ಬೆಳೆಯುತ್ತಿದೆಯೇ ಎಂದು ವರ್ಷದ ಸುಮಾರಿಗೆ ಡಿಫ್ಯೂಷನ್ ಎಂಆರ್‌ಐ ಅಥವಾ ಎರಡನೇ ಆಪರೇಷನ್ ಮಾಡಿ ನೋಡಲೇಬೇಕು. ಆಮೇಲೂ ಕೆಲವು ವರ್ಷ ಬಿಡುವಂತಿಲ್ಲ. ಜೋಯಿಡಾದ ಒಳಗಿನ ಹಳ್ಳಿಯಿಂದ ಬಂದವರು ತಿರುಗಿ ಬರಲಾಗುವುದಿಲ್ಲ ಎಂದರೆ ಅವರ ಮಾತನ್ನು ನಂಬಿ. ಅವರಿಗೆ ಗೋಡೆ ತೆಗೆದ ತೆರೆದ ಕಿವಿಯೇ ಹೆಚ್ಚು ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಆಪರೇಷನ್ ಮಾಡಿಸುವವರು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಪಡೆದು, ಸ್ಕ್ಯಾನ್ ಖರ್ಚು ಅದರೊಳಗೆ ಸೇರುತ್ತದೆಯೇ ಎಂದು ಹೊರಡುವ ಮೊದಲು ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ಕೇಳಿ. ಹೊರಡುವಾಗ ಚೀಟಿ, ಆಡಿಯೋಗ್ರಾಮ್, ಹಳೆಯ ಆಪರೇಷನ್ ಸಾರಾಂಶ, ಹಳೆಯ ಸ್ಕ್ಯಾನ್ ಇಷ್ಟು ಒಂದೇ ಚೀಲದಲ್ಲಿರಲಿ. ಬಂದ ಮೇಲೆ ಡಿಸ್ಕನ್ನು ಪೆನ್‌ಡ್ರೈವ್‌ಗೂ ನಕಲು ಮಾಡಿಸಿ. ಫಿಲ್ಮ್‌ಗಳ ನಡುವೆ ಬಿಳಿ ಕಾಗದ ಇಟ್ಟು, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಗೋಡೆಗೆ ತಾಗದಂತೆ ಕಪಾಟಿನ ಮೇಲಿನ ಅರೆಯಲ್ಲಿ ನಿಲ್ಲಿಸಿ. ನಮ್ಮ ಆಷಾಢದ ತೇವಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂದಿನ ವರ್ಷದ ತಪಾಸಣೆಗೆ ಬರುವಾಗ ಅದನ್ನೇ ತನ್ನಿ, ಹಳೆಯ ಚಿತ್ರ ಪಕ್ಕದಲ್ಲಿದ್ದರೆ ಹೊಸದರಲ್ಲಿ ಏನು ಬದಲಾಗಿದೆ ಎಂದು ಹತ್ತು ನಿಮಿಷದಲ್ಲಿ ಹೇಳಬಹುದು.